ಆಚೀಚೆ

"ಅಕ್ಕ, ಬೈಂಡ್ ಮಾಡುವ ಪ್ರಬಂಧಗಳನ್ನೆಲ್ಲ ನೀವು ಓದುತ್ತೀರಾ?" ಎಂದು ಅಂಗಡಿಗೆ ಬರುವ ಹುಡುಗ ಹುಡುಗಿಯರು ಕೇಳುವುದುಂಟು. ಓದುತ್ತೇನೆ, ಆದರೆ ಹಿಂದಿನಿಂದ. ಮುಂದಿನ ಪುಟಗಳಲ್ಲಿ ಎಲ್ಲರೂ ಒಂದೇ ತರಹ ಕಾಣುತ್ತಾರೆ. ಪ್ರಮಾಣಪತ್ರ, ಮಾರ್ಗದರ್ಶಕರ ಸಹಿ, ಆಮೇಲೆ ಕೃತಜ್ಞತೆ. ಕೃತಜ್ಞತೆಯಲ್ಲಿ ದೇವರು, ತಂದೆತಾಯಿ, ಮದುವೆಯಾದವರಾದರೆ ಎಲ್ಲವನ್ನೂ ಸಹಿಸಿಕೊಂಡ ಗಂಡನೋ ಹೆಂಡತಿಯೋ. ಕೆಲವರು ನನ್ನ ಅಂಗಡಿಯ ಹೆಸರನ್ನೂ ಸೇರಿಸುತ್ತಾರೆ. ಬಿಲ್ಲಿನಲ್ಲಿ ಸ್ವಲ್ಪ ಕಡಿಮೆಯಾದೀತು ಎಂಬ ಆಸೆ ಇದ್ದರೂ ಇರಬಹುದು. ಪ್ರಬಂಧ ಬರೆದವರು ನಿಜವಾಗಿ ಏನು ಮಾಡಿದರು ಎಂಬುದು ತಿಳಿಯಬೇಕಾದರೆ ಕೊನೆಯ ಅನುಬಂಧಗಳನ್ನು ನೋಡಬೇಕು. ಕೋಷ್ಟಕ, ಪ್ರಶ್ನಾವಳಿ, ಒಪ್ಪಿಗೆ ಪತ್ರ, ಹಾಡಿದವರ ಹೆಸರುಗಳ ಪಟ್ಟಿ ಎಲ್ಲವೂ ಇರುವುದು ಅಲ್ಲಿಯೇ.

ಮಂಗಳೂರಿನ ಹಂಪನಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಕೋಣೆಯ ಅಂಗಡಿ. ಮುಂದಿನ ಕೋಣೆಯಲ್ಲಿ ಕಂಪ್ಯೂಟರ್, ಪ್ರಿಂಟರ್. ಹಿಂದಿನದರಲ್ಲಿ ಕತ್ತರಿಸುವ ಯಂತ್ರ, ರಟ್ಟು, ರೆಕ್ಸಿನ್, ಅಂಟಿನ ಪಾತ್ರೆ. ಅಪ್ಪ 1974ರಲ್ಲಿ ಆರಂಭಿಸಿದ್ದು. ಬಲ್ಮಠದ ಹಳೆಯ ಮಿಶನ್ ಪ್ರೆಸ್ಸಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರ ಕೈಕೆಳಗೆ ಅವರು ಹೊಲಿಗೆ ಕಲಿತರು. ಆ ಹೆಮ್ಮೆ ಅಪ್ಪನಿಗೆ ಕೊನೆಯವರೆಗೂ ಇತ್ತು. ಬಾಸೆಲ್ ಮಿಶನ್ನಿನ ಅದೇ ಪ್ರೆಸ್ಸಿನಿಂದ 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಹೊರಬಂತು. ಸುಮಾರು 70,000 ಶಬ್ದಗಳು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟ್ಟೆಲರಿಗೆ ಡಾಕ್ಟರೇಟ್ ಕೊಟ್ಟದ್ದು ಅದಾದ ಮೇಲೆ, 1896ರಲ್ಲಿ. "ಮೊದಲು ಕೆಲಸ, ಆಮೇಲೆ ಡಾಕ್ಟರೇಟ್. ಈಗಿನವರದ್ದು ಉಲ್ಟಾ" ಎಂದು ಅಪ್ಪ ಪ್ರತಿ ವರ್ಷ ಒಬ್ಬರಿಗಾದರೂ ಹೇಳುತ್ತಿದ್ದರು. ಕೇಳಿಸಿಕೊಂಡವರು ಪಾಪ ಮರುದಿನ ಪ್ರಬಂಧ ಸಲ್ಲಿಸಬೇಕಾದವರು. ಸುಮ್ಮನೆ ತಲೆ ಆಡಿಸುತ್ತಿದ್ದರು.

ಮಂಗಳೂರಿನಲ್ಲಿ ಬೈಂಡಿಂಗ್ ಕೆಲಸದ ಮೊದಲ ಶತ್ರು ಮಳೆ. ಮೈದಾ ಕುದಿಸಿ ಮಾಡಿದ ಅಂಟು ಜೋರು ಮಳೆಯ ಆಟಿ ತಿಂಗಳಿನಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಅಪ್ಪ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅಡಿಕೆ ತೋಟದವರು ಕೊಳೆರೋಗಕ್ಕೆ ಸುಣ್ಣದ ಜೊತೆ ಸೇರಿಸಿ ಹೊಡೆಯುವ ಅದೇ ಮೈಲುತುತ್ತ. ಆ ಬೋರ್ಡೊ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಪರೀಕ್ಷಿಸಿ ಹೇಳಿದವರು ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಇದನ್ನು ನಾನು ತಿಳಿದುಕೊಂಡದ್ದು ಒಂದು ಪ್ರಬಂಧದ ಎರಡನೆಯ ಅಧ್ಯಾಯದಿಂದ, ಅದೂ ಅಂಟು ಹಚ್ಚುತ್ತಾ. ಕೈಯಲ್ಲಿದ್ದ ಬ್ರಷ್ಷನ್ನೂ ಪುಟವನ್ನೂ ಒಮ್ಮೆ ನೋಡಿಕೊಂಡೆ.

ಬೆನ್ನಿನ ಮೇಲೆ ಚಿನ್ನದ ಅಕ್ಷರ ಹಾಕುವಾಗಲೂ ಒಂದೊಂದು ವಿಷಯದವರ ಸ್ವಭಾವ ಗೊತ್ತಾಗುತ್ತದೆ. ಕನ್ನಡ ವಿಭಾಗದವರ ಶೀರ್ಷಿಕೆ 'ಒಂದು ಅಧ್ಯಯನ' ಎಂದು ಮುಗಿಯದಿದ್ದರೆ ಅವರಿಗೆ ಸಮಾಧಾನವಿಲ್ಲ. ವೈದ್ಯರ ಶೀರ್ಷಿಕೆಯಲ್ಲಿ ಊರು, ಆಸ್ಪತ್ರೆಯ ಬಗೆ, ರೋಗಿಗಳ ವಯಸ್ಸು ಎಲ್ಲವೂ ಇರಬೇಕು, ಒಂದಕ್ಷರ ಬಿಟ್ಟರೂ ಒಪ್ಪುವುದಿಲ್ಲ. ಅದನ್ನು ಬೆನ್ನಿನ ಮೇಲೆ ಕೂರಿಸಬೇಕಾದರೆ ಪ್ರಬಂಧ ಇಟ್ಟಿಗೆಯಷ್ಟು ದಪ್ಪ ಇರಬೇಕು. ಇರುವುದು ನೂರು ಚಿಲ್ಲರೆ ಪುಟ. ಭೌತವಿಜ್ಞಾನದವರು ಮಾತ್ರ "ಹೆಸರು ಮತ್ತು ವರ್ಷ ಸಾಕು ಅಕ್ಕ" ಎನ್ನುತ್ತಾರೆ. ಹಾಗೆ ಹೇಳುವವರ ಮೇಲೆ ನನಗೆ ಪಕ್ಷಪಾತ ಇದೆ ಎಂದು ಒಪ್ಪಿಕೊಳ್ಳುತ್ತೇನೆ.

ಆದರೆ ನನ್ನ ಕೈಯಿಂದ ಅತಿ ದೊಡ್ಡ ತಪ್ಪು ಆದದ್ದೂ ಭೌತವಿಜ್ಞಾನದ ಪ್ರಬಂಧದಲ್ಲಿಯೇ.

2011ರ ಮಳೆಗಾಲ. ತೊಕ್ಕೊಟ್ಟಿನ ಕಡೆಯ ಹುಡುಗಿ. ಉಳ್ಳಾಲದ ಸುತ್ತಮುತ್ತಲಿನ ಮರಳು ಮತ್ತು ಮಣ್ಣಿನಲ್ಲಿರುವ ನೈಸರ್ಗಿಕ ವಿಕಿರಣದ ಮೇಲೆ ಪ್ರಬಂಧ ಬರೆದಿದ್ದಳು. ಉಳ್ಳಾಲದ ಮರಳಿನಲ್ಲಿ ಕೆಲವು ಕಡೆ ಮೊನಜೈಟ್ ಎಂಬ ಖನಿಜ ಇದೆ, ಅದರಲ್ಲಿ ಥೋರಿಯಂ ಇದೆ. ಕೊಣಾಜೆಯ ವಿಶ್ವವಿದ್ಯಾಲಯದವರು ಬಹಳ ಹಿಂದಿನಿಂದಲೂ ಇದನ್ನು ಅಳೆಯುತ್ತಿದ್ದಾರೆ. ಅವಳ ಕೋಷ್ಟಕಗಳು ಹದಿನಾಲ್ಕು ಪುಟ. ಬರೀ ಅಂಕೆಗಳು. ಹಿಂದಿನ ವಾರ ಮಾಡಿದ್ದ ಒಂದು ಕನ್ನಡ ಪ್ರಬಂಧದ ಕೋಷ್ಟಕದ ಚೌಕಟ್ಟು ಚೆನ್ನಾಗಿತ್ತಲ್ಲ ಎಂದು ನಾನು ಇವಳ ಅಂಕೆಗಳನ್ನು ಅದರೊಳಗೆ ತಂದು ಕೂರಿಸಿದೆ. ಆ ಚೌಕಟ್ಟಿನಲ್ಲಿದ್ದದ್ದು ಕನ್ನಡ ಅಕ್ಷರಗಳ ನುಡಿ ಫಾಂಟು.

ಆಗಿನ ನುಡಿ ಫಾಂಟಿನಲ್ಲಿ ಕೆಲಸ ಮಾಡಿದವರಿಗೆ ಮುಂದಿನದ್ದು ಈಗಾಗಲೇ ಗೊತ್ತಾಗಿರುತ್ತದೆ. ನಮ್ಮಲ್ಲಿದ್ದ ಆ ಫಾಂಟಿನಲ್ಲಿ ಅಂಕೆಗಳು ಇಂಗ್ಲಿಷ್ ಅಂಕೆಗಳಾಗಿಯೇ ಉಳಿಯುತ್ತವೆ, ಚುಕ್ಕಿಯೂ ಚುಕ್ಕಿಯೇ. ಆದರೆ ಕೂಡು ಕಳೆ ಚಿಹ್ನೆ ± ಇದ್ದ ಸ್ಥಾನದಲ್ಲಿ ಕುಳಿತಿರುವುದು ಶಕಾರ. ತಲೆಕಟ್ಟಿಲ್ಲದ ಶ. 42 ± 2 ಎಂದು ಇರಬೇಕಾದಲ್ಲಿ 42 ಶ 2 ಎಂದು ಬಂದಿತ್ತು. ಹದಿನಾಲ್ಕು ಪುಟಗಳಲ್ಲಿ, ಒಂದೊಂದು ಪುಟಕ್ಕೆ ಮೂವತ್ತು ನಲವತ್ತು ಶಕಾರಗಳು, ಮಳೆ ನೀರಿನಲ್ಲಿ ಎದ್ದ ಗೊದಮೊಟ್ಟೆಗಳ ಹಾಗೆ. ಮೈಕ್ರೋ ಎಂಬುದರ ಚಿಹ್ನೆ ತಲೆಬರಹದಲ್ಲಿತ್ತು, ಅದರ ಫಾಂಟು ಬೇರೆ ಇತ್ತು, ಹಾಗಾಗಿ ಉಳಿಯಿತು. ಇಲ್ಲದಿದ್ದರೆ ಅದು ಷಕಾರ ಆಗುತ್ತಿತ್ತು. ಐದು ಪ್ರತಿ ಮುದ್ರಿಸಿ, ತೂತು ಕೊರೆದು, ಹೊಲಿದು, ರಟ್ಟು ಅಂಟಿಸಿ ಭಾರ ಹೇರಿಟ್ಟ ಮೇಲೆ ಅವಳು ಬಂದು ಒಂದನ್ನು ತೆರೆದಳು.

ಮುಖ ಬಿಳುಚಿಕೊಂಡಿತು. ನಾನು ಧೈರ್ಯ ಹೇಳಲು ಹೋಗಿ ಇನ್ನೊಂದು ತಪ್ಪು ಮಾಡಿದೆ. "ಮೊದಲ ಸಂಖ್ಯೆ ಸರಿಯಾಗಿಯೇ ಇದೆಯಲ್ಲ? ಆ ಶ ಮತ್ತು ಅದರ ನಂತರದ ಚಿಕ್ಕ ಸಂಖ್ಯೆಯನ್ನು ವೈಟ್ನರ್ ಹಾಕಿ ಅಳಿಸಿಬಿಟ್ಟರೆ ಆಗುವುದಿಲ್ಲವೇ?" ಎಂದೆ.

ಅವಳು ಬೆಂಚಿನ ಮೇಲೆ ಕುಳಿತುಬಿಟ್ಟಳು. "ಅಕ್ಕ, ಆ ಚಿಕ್ಕ ಸಂಖ್ಯೆಗಾಗಿಯೇ ನಾನು ನಾಲ್ಕು ವರ್ಷ ಕಳೆದದ್ದು. ದೊಡ್ಡದು ಯಾರಿಗೂ ಸಿಗುತ್ತದೆ."

ಆ ರಾತ್ರಿ ಹೊಲಿಗೆ ಬಿಚ್ಚುತ್ತಾ, ಹೊಸ ಹಾಳೆ ಸೇರಿಸುತ್ತಾ, ಹನ್ನೊಂದು ಗಂಟೆಯವರೆಗೆ ಅವಳೂ ಅಂಗಡಿಯಲ್ಲೇ ಇದ್ದಳು. ಅವಳ ಅಣ್ಣ ಹೊರಗೆ ಸ್ಕೂಟರಿನ ಮೇಲೆ ಕಾಯುತ್ತಿದ್ದ. ಎದುರಿನ ಹೋಟೆಲು ಮುಚ್ಚುವ ಮೊದಲು ಗೋಳಿಬಜೆ ಕಟ್ಟಿಸಿ ತಂದ. ಕೈ ಕೆಲಸ ಮಾಡುವಾಗ ಬಾಯಿ ಬಿಡುವಾಗಿರುತ್ತದೆ. ನಾನು ಕೇಳಿದೆ, ಅವಳು ಹೇಳಿದಳು.

ಮರಳು ತಂದು, ಒಲೆಯಂಥ ಪೆಟ್ಟಿಗೆಯಲ್ಲಿ 110 ಡಿಗ್ರಿಯಲ್ಲಿ ಒಣಗಿಸಿ, ಜರಡಿ ಹಿಡಿದು, ಡಬ್ಬಿಗೆ ತುಂಬಿ, ಗಾಳಿ ಆಡದಂತೆ ಮುಚ್ಚಿ ಒಂದು ತಿಂಗಳು ಹಾಗೆಯೇ ಇಡಬೇಕು. ಮಿಡಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿ ಇಟ್ಟಂತೆ. ಕಾರಣ, ಮರಳಿನಲ್ಲಿರುವ ರೇಡಿಯಂನಿಂದ ರೇಡಾನ್ ಎಂಬ ಅನಿಲ ಹುಟ್ಟುತ್ತದೆ. ತೆರೆದಿಟ್ಟರೆ ಅದು ಹಾರಿಹೋಗುತ್ತದೆ, ಲೆಕ್ಕ ತಪ್ಪುತ್ತದೆ. ರೇಡಾನ್ 3.8 ದಿನಕ್ಕೆ ಅರ್ಧ ಆಗುತ್ತದೆ. ಒಂದು ತಿಂಗಳು ಮುಚ್ಚಿಟ್ಟರೆ ಹುಟ್ಟುವುದೂ ಸಾಯುವುದೂ ಸಮ ಆಗಿ ನಿಲ್ಲುತ್ತದೆ. ಆಮೇಲೆ ಡಬ್ಬಿಯನ್ನು ವಿಕಿರಣ ಗುರುತಿಸುವ ಜರ್ಮೇನಿಯಂ ಪತ್ತೆಕಾರದ ಹತ್ತಿರ ಇಡುತ್ತಾರೆ. ಅದನ್ನು ದ್ರವ ಸಾರಜನಕದಿಂದ ತಣ್ಣಗಿಡಬೇಕು, ಸುತ್ತ ಸೀಸದ ದಪ್ಪ ಗೋಡೆ ಕಟ್ಟಬೇಕು. ಗೋಡೆ ಏಕೆಂದರೆ ಕೋಣೆಯ ಕಾಂಕ್ರೀಟಿನಲ್ಲೂ ವಿಕಿರಣ ಇದೆ, ಆಕಾಶದಿಂದ ಕಾಸ್ಮಿಕ್ ಕಿರಣಗಳೂ ಬೀಳುತ್ತಿರುತ್ತವೆ. ಉಡುಪಿಯ ಅದಮಾರಿನ ಯು.ಆರ್. ರಾವ್ ಉಪಗ್ರಹ ಕಟ್ಟುವ ಮೊದಲು ಅಧ್ಯಯನ ಮಾಡಿದ್ದು ಈ ಕಾಸ್ಮಿಕ್ ಕಿರಣಗಳನ್ನೇ ಎಂದು ಅವಳು ಹೇಳಿದಾಗ ಅಣ್ಣ ಹೊರಗಿನಿಂದಲೇ "ಅವಳಿಗೆ ಎಲ್ಲದಕ್ಕೂ ಅದಮಾರು ಬೇಕು" ಎಂದ.

ಒಂದೊಂದು ಡಬ್ಬಿಯನ್ನು 60,000 ಸೆಕೆಂಡು ಎಣಿಸುತ್ತಿದ್ದಳಂತೆ. ಎಂದರೆ ಹದಿನಾರು ಗಂಟೆ ನಲವತ್ತು ನಿಮಿಷ. ಏಕೆ ಅಷ್ಟು? ವಿಕಿರಣ ಗಡಿಯಾರದ ಹಾಗೆ ಟಿಕ್ ಟಿಕ್ ಎಂದು ಬರುವುದಿಲ್ಲ. ಹಂಚಿನ ಮೇಲೆ ಮಳೆ ಶುರುವಾಗುವಾಗಿನ ಹನಿಗಳ ಹಾಗೆ, ಒಮ್ಮೆ ಎರಡು, ಒಮ್ಮೆ ಏನೂ ಇಲ್ಲ, ಒಮ್ಮೆ ಐದು. ಒಟ್ಟು 100 ಎಣಿಸಿದರೆ 10 ಆಚೀಚೆ ಇರಬಹುದು. 10,000 ಎಣಿಸಿದರೆ 100 ಆಚೀಚೆ. ವರ್ಗಮೂಲದ ಲೆಕ್ಕ. ಆಚೀಚೆಯನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ಹೊತ್ತು ಕಾಯಬೇಕು. "ಆಚೀಚೆ" ಎಂಬ ಪದ ಅವಳದ್ದೇ. ಇಂಗ್ಲಿಷಿನಲ್ಲಿ ಹೇಳಿದರೆ ನನಗೆ ಗೊತ್ತಾಗಲಿಕ್ಕಿಲ್ಲ ಎಂದು ಹಾಗೆ ಹೇಳಿರಬೇಕು. ನನ್ನ ಮಟ್ಟಿಗೆ ± ಚಿಹ್ನೆಯ ಹೆಸರು ಅಂದಿನಿಂದ ಆಚೀಚೆ ಎಂದೇ ಆಗಿದೆ.

ಥೋರಿಯಂ ಅರ್ಧ ಆಗಲು 1405 ಕೋಟಿ ವರ್ಷ ಬೇಕು ಎಂದಳು. ವಿಶ್ವಕ್ಕೇ ಈಗ ಸುಮಾರು 1380 ಕೋಟಿ ವರ್ಷ. ಅಂಥ ಪದಾರ್ಥದ ಎದುರು ಕುಳಿತು ಹದಿನಾರು ಗಂಟೆಯಲ್ಲಿ ಅದರ ಲೆಕ್ಕ ತೆಗೆಯುತ್ತಾರೆ ಎಂದರೆ ನನಗೆ ಈಗಲೂ ಸೋಜಿಗವೇ. "ಹಾಗಾದರೆ ಆ ಮರಳಿನಲ್ಲಿ ಮಕ್ಕಳು ಆಡಬಹುದೇ?" ಎಂದು ಕೇಳಿದೆ. ತಾಯಿಯಾದವಳು ಬೇರೇನು ಕೇಳಿಯಾಳು? ಅವಳು ಸೂಜಿಗೆ ದಾರ ಪೋಣಿಸಿ ಕೊಡುತ್ತಾ, "ಹೆದರಿಸುವುದಕ್ಕೂ ಧೈರ್ಯ ಹೇಳುವುದಕ್ಕೂ ನನ್ನ ಹತ್ತಿರ ಇರುವುದು ಅಳತೆ ಮಾತ್ರ ಅಕ್ಕ. ದೇಹದ ವಿಷಯ ಹೇಳಬೇಕಾದರೆ ಜನರನ್ನು ಅಧ್ಯಯನ ಮಾಡಬೇಕು. ಅದು ಬೇರೆಯೇ ಕೆಲಸ" ಎಂದಳು. ಆಗ ನನಗೆ ಅದು ಜಾರಿಕೊಳ್ಳುವ ಉತ್ತರದಂತೆ ಕಂಡಿತ್ತು.

ಆ ಬೇರೆಯ ಕೆಲಸದವರು ನಮ್ಮಲ್ಲಿಗೆ ಬರುವುದು ಗುಂಪಾಗಿ, ಕೊನೆಯ ದಿನಾಂಕಕ್ಕೆ ಮೂರು ದಿನ ಇರುವಾಗ. ಸ್ನಾತಕೋತ್ತರ ವೈದ್ಯರು. ರಾತ್ರಿ ಪಾಳಿ ಮುಗಿಸಿ ಬಂದು ನಮ್ಮ ಬೆಂಚಿನ ಮೇಲೆ ಕುಳಿತಲ್ಲೇ ನಿದ್ದೆ ಹೋದವರನ್ನು ಕಂಡಿದ್ದೇನೆ. ಅವರ ಪ್ರಬಂಧದ ಕೊನೆಯಲ್ಲಿ ಮಾಸ್ಟರ್ ಚಾರ್ಟ್ ಎಂಬ ದೊಡ್ಡ ಹಾಳೆ ಇರುತ್ತದೆ. ಒಬ್ಬ ರೋಗಿಗೆ ಒಂದು ಸಾಲು. ಅದನ್ನು ಮೂರು ಮಡಿಕೆ ಮಾಡಿ, ತೆರೆದಾಗ ಹರಿಯದ ಹಾಗೆ, ಮುಚ್ಚಿದಾಗ ಹೊರಗೆ ಇಣುಕದ ಹಾಗೆ ಹೊಲಿಯುವುದು ಈ ಕಸುಬಿನ ಪರೀಕ್ಷೆ. ಅಪ್ಪನ ಕೈಯ ಮಡಿಕೆ ನನಗೆ ಇನ್ನೂ ಬಂದಿಲ್ಲ.

ಒಬ್ಬ ಡಾಕ್ಟರ್ ಒಂದು ದಿನ ಬಂದು ಲಕೋಟೆ ಕೇಳಿದರು. ಕಂದು ಲಕೋಟೆ ತೋರಿಸಿದರೆ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಒಳಗಿನದ್ದು ಕಾಣುತ್ತದೆ, ಆಗುವುದಿಲ್ಲ ಎಂದರು. ಲಾಟರಿ ಏನಾದರೂ ನಡೆಸುತ್ತೀರಾ ಎಂದು ತಮಾಷೆ ಮಾಡಿದೆ. ಹೌದು ಎಂದರು! ಶಸ್ತ್ರಚಿಕಿತ್ಸೆಯ ನಂತರದ ನಡುಕಕ್ಕೆ ಎರಡು ಔಷಧಗಳಲ್ಲಿ ಯಾವುದು ಮೇಲು ಎಂದು ನೋಡಬೇಕು. ಯಾರಿಗೆ ಯಾವುದು ಎಂಬುದನ್ನು ವೈದ್ಯರು ಆರಿಸಬಾರದು. ಆರಿಸಿದರೆ ತಮಗೆ ತಿಳಿಯದೆಯೇ ಗಟ್ಟಿಮುಟ್ಟಾದವರನ್ನು ಒಂದು ಕಡೆ ಹಾಕಿಬಿಡುತ್ತಾರೆ. ಅದಕ್ಕೆ ಮೊದಲೇ ಯದ್ವಾತದ್ವಾ ಕ್ರಮದಲ್ಲಿ ಚೀಟಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಸಂಖ್ಯೆ ಬರೆದು ಇಡುತ್ತಾರೆ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೆಲಸ ಮಾಡುತ್ತದೆಯೇ ಎಂದು ಬ್ರಿಟನ್ನಿನಲ್ಲಿ ನಡೆಸಿ 1948ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಯೋಗದಲ್ಲೂ ಮುಚ್ಚಿದ ಲಕೋಟೆಗಳೇ ಇದ್ದವಂತೆ. ಕೊನೆಗೆ ನಾನು ಚೀಟಿಯ ಸುತ್ತ ಅಲ್ಯೂಮಿನಿಯಂ ಹಾಳೆ ಮಡಚಿ ಹಾಕಿಕೊಟ್ಟೆ. ಟ್ಯೂಬ್‌ಲೈಟಿಗೆ ಹಿಡಿದರೂ ಕಾಣಲಿಲ್ಲ, ಹೊರಗಿನ ಬಿಸಿಲಿಗೆ ಹಿಡಿದರೂ ಕಾಣಲಿಲ್ಲ. ಡಾಕ್ಟರ್ ಖುಷಿಯಾದರು. ವೈದ್ಯಕೀಯಕ್ಕೆ ನನ್ನ ಕೊಡುಗೆ ಅಷ್ಟೇ.

ಅಷ್ಟೇ ಅಲ್ಲ, ಇನ್ನೊಂದಿದೆ. ಅವರ ಒಪ್ಪಿಗೆ ಪತ್ರದ ಕನ್ನಡ ಅನುವಾದದಲ್ಲಿ 'ನಿಮ್ಮನ್ನು ಯಾದೃಚ್ಛಿಕವಾಗಿ ಒಂದು ಗುಂಪಿಗೆ ನಿಯೋಜಿಸಲಾಗುವುದು' ಎಂದಿತ್ತು. ಇದನ್ನು ಓದಿ ಹೆಬ್ಬೆಟ್ಟು ಒತ್ತುವವರು ಯಾರು? ಸೈನ್ಯಕ್ಕೆ ಸೇರಿಸುತ್ತಾರೆ ಎಂದುಕೊಂಡಾರು. 'ಚೀಟಿ ಎತ್ತಿದ ಹಾಗೆ, ಎರಡರಲ್ಲಿ ಒಂದು ಔಷಧ ನಿಮಗೆ ಬರುತ್ತದೆ. ಯಾವುದು ಎಂದು ನಾವೂ ಆರಿಸುವುದಿಲ್ಲ' ಎಂದು ಬದಲಿಸಿಕೊಟ್ಟೆ. ಅವರ ನೈತಿಕ ಸಮಿತಿಯವರು ಒಪ್ಪಿದರು ಎಂದು ಮುಂದಿನ ಸಲ ಬಂದಾಗ ಹೇಳಿದರು.

ಮಾಸ್ಟರ್ ಚಾರ್ಟಿನ ವಿಷಯದಲ್ಲಿ ನಾನು ಬುದ್ಧಿ ಕಲಿತದ್ದು ಮಲೇರಿಯಾದ ಒಂದು ಪ್ರಬಂಧದಿಂದ. ಮಂಗಳೂರಿನಲ್ಲಿ 1990ರ ದಶಕದಲ್ಲಿ ಬಹುಮಹಡಿ ಕಟ್ಟಡಗಳು ಏಳತೊಡಗಿದ ಮೇಲೆ ಮಲೇರಿಯಾ ಊರಿಗೆ ಮರಳಿ ಬಂತು. ಕಟ್ಟಡದ ಕೆಲಸದಲ್ಲಿ ನಿಂತ ಶುದ್ಧ ನೀರು, ಟ್ಯಾಂಕಿಗಳು, ಅವುಗಳಲ್ಲಿ ಮೊಟ್ಟೆಯಿಡುವ ಸೊಳ್ಳೆ. ನನಗೂ ಎರಡು ಸಲ ಬಂದಿದೆ. ವೈವ್ಯಾಕ್ಸ್ ಎಂಬ ಬಗೆ; ಜ್ವರ ಬಿಟ್ಟ ಮೇಲೂ ಪರೋಪಜೀವಿ ಯಕೃತ್ತಿನಲ್ಲಿ ಅಡಗಿ ಕುಳಿತಿರುತ್ತದೆ, ಅದಕ್ಕೆ ಹದಿನಾಲ್ಕು ದಿನ ಮಾತ್ರೆ ನುಂಗಬೇಕು. ಈ ಡಾಕ್ಟರ್ ರಕ್ತದ ಲೇಪನದಲ್ಲಿ ಪರೋಪಜೀವಿಗಳನ್ನು ಎಣಿಸುತ್ತಿದ್ದರು. 200 ಬಿಳಿ ರಕ್ತಕಣ ಎಣಿಸುವಷ್ಟರಲ್ಲಿ ಎಷ್ಟು ಪರೋಪಜೀವಿ ಸಿಕ್ಕಿತು ಎಂದು ನೋಡಿ ಅದನ್ನು 40ರಿಂದ ಗುಣಿಸುತ್ತಾರೆ. ಏಕೆ 40? ಒಂದು ಮೈಕ್ರೋಲೀಟರ್ ರಕ್ತದಲ್ಲಿ 8,000 ಬಿಳಿ ಕಣ ಇರುತ್ತದೆ ಎಂದು ಇಟ್ಟುಕೊಳ್ಳುತ್ತಾರೆ. ಎಲ್ಲರಲ್ಲೂ 8,000 ಇರುತ್ತದೆಯೇ? ಇರುವುದಿಲ್ಲ, ಆದರೆ ಎಲ್ಲರೂ ಒಂದೇ ಸಂಖ್ಯೆ ಇಟ್ಟುಕೊಂಡರೆ ಹೋಲಿಸಬಹುದು. ಒಂದೇ ಸ್ಲೈಡನ್ನು ಇಬ್ಬರು ಬೇರೆ ಬೇರೆ ಕುಳಿತು ಎಣಿಸುತ್ತಾರೆ. ಇಬ್ಬರ ಲೆಕ್ಕ ತೀರಾ ಬೇರೆಯಾದರೆ ಮೂರನೆಯವರನ್ನು ಕರೆಯುತ್ತಾರೆ. ನಮ್ಮ ಕಡೆಯ ಗಡಿ ತಕರಾರಿನ ಹಾಗೆ.

ಆ ಚಾರ್ಟು ಒಂದು ಹಾಳೆಗೆ ಸ್ವಲ್ಪದರಲ್ಲಿ ಹಿಡಿಸುತ್ತಿರಲಿಲ್ಲ. ಕೊನೆಯ ಕೆಲವು ಅಂಕಣಗಳಲ್ಲಿ ಬರೀ ಗೆರೆ ಎಳೆದಿದ್ದ ಸಾಲುಗಳು ಹತ್ತಿಪ್ಪತ್ತು ಇದ್ದವು. "ಇವರ ಮಾಹಿತಿಯೇ ಇಲ್ಲವಲ್ಲ ಡಾಕ್ಟರೇ, ಈ ಸಾಲುಗಳನ್ನು ತೆಗೆದರೆ ಒಂದೇ ಹಾಳೆಯಲ್ಲಿ ಮುಗಿಯುತ್ತದೆ, ನಿಮಗೂ ಖರ್ಚು ಕಡಿಮೆ" ಎಂದೆ. ಅವರು ಎದ್ದೇ ನಿಂತರು. ಅವರೆಲ್ಲ ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದವರು. ಚಿಕಿತ್ಸೆ ಪಡೆದು ಹೋದರು. ಮತ್ತೆ ರಕ್ತ ಪರೀಕ್ಷೆಗೆ ಬರುವ ಹೊತ್ತಿಗೆ ಒಂದು ಕಟ್ಟಡ ಮುಗಿದಿತ್ತು, ಇನ್ನೊಂದು ಊರಿಗೆ ಹೋಗಿಯಾಗಿತ್ತು. ಗುಣವಾದರೋ ಮರುಕಳಿಸಿತೋ ಗೊತ್ತಿಲ್ಲ. ಸಾಲು ತೆಗೆದರೆ, ಇರುವವರು ಹೆಚ್ಚಿನವರು ಗುಣವಾದಂತೆ ಕಾಣುತ್ತದೆ. "ಸೇರಿಸಿಕೊಂಡ ಮೇಲೆ ಲೆಕ್ಕದಲ್ಲಿ ಇರಲೇಬೇಕು" ಎಂದರು. ಎರಡು ಹಾಳೆ ಆಯಿತು. ಆ ಗೆರೆಗಳನ್ನು ನಾನು ಮಡಿಕೆಯೊಳಗೆ ಬೀಳದ ಹಾಗೆ ನೋಡಿಕೊಂಡು ಮಡಚಿದೆ.

ಅಲ್ಲಿ ಯಾರ ಹೆಸರೂ ಇರುವುದಿಲ್ಲ. ಕ್ರಮಸಂಖ್ಯೆ, ವಯಸ್ಸು, ಗಂಡು ಅಥವಾ ಹೆಣ್ಣು, ಅಷ್ಟೇ. ವೈದ್ಯಕೀಯದಲ್ಲಿ ಹೆಸರು ಬರೆದರೆ ತಪ್ಪು. ಜಾನಪದದಲ್ಲಿ ಬರೆಯದಿದ್ದರೆ ತಪ್ಪು. ಹಾಡಿದವರ ಹೆಸರು, ಊರು, ವಯಸ್ಸು, ಜಾತಿ, ಯಾವ ದಿನ, ಎಲ್ಲಿ ಹಾಡಿದ್ದು, ಎಲ್ಲವೂ ಬೇಕು. ಹೀಗಿರುವುದರಿಂದಲೇ ನನ್ನ ಅಜ್ಜಿಯ ಹೆಸರು ಒಂದು ಪಿಎಚ್‌.ಡಿ. ಪ್ರಬಂಧದ ಅನುಬಂಧದಲ್ಲಿ ಇದೆ. ವಯಸ್ಸು: ಸುಮಾರು 70.

ಇದು 2003ರ ಮಾತು. ಪಾಡ್ದನಗಳ ಮೇಲೆ, ಎಂದರೆ ತುಳುವಿನಲ್ಲಿ ಕತೆ ಹೇಳುವ ಜನಪದ ಹಾಡುಗಳ ಮೇಲೆ, ಕೆಲಸ ಮಾಡುತ್ತಿದ್ದ ಒಬ್ಬರು ಅಧ್ಯಾಯವಾರು ಟೈಪ್ ಮಾಡಿಸಲು ಬರುತ್ತಿದ್ದರು. ತುಳುನಾಡಿನಲ್ಲಿ ಈ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ಶುರುವಾದ ತುಳು ನಿಘಂಟಿನ ಕೆಲಸ ಆರು ಸಂಪುಟಗಳಾಗಿ ಮುಗಿದದ್ದು 1997ಕ್ಕೆ. ಜನರು ಒಂದೇ ಮಾತನ್ನು ಎಷ್ಟು ಬಗೆಯಲ್ಲಿ ಆಡುತ್ತಾರೋ ಅಷ್ಟನ್ನೂ ಅದರಲ್ಲಿ ಹಿಡಿದಿಡಲು ನೋಡಿದ್ದಾರೆ. ನಮ್ಮ ಗಿರಾಕಿಗೆ ಬೇಕಾಗಿದ್ದದ್ದು ಸಿರಿಯ ಪಾಡ್ದನ ಬರುವ ಹೆಂಗಸರು. ನಟ್ಟಿಯ ಗದ್ದೆಯಲ್ಲಿ ಹಾಡುತ್ತಿದ್ದವರು. ಅಪ್ಪ ಬಾಯಿ ಹಾಕಿ, "ನಮ್ಮ ಅತ್ತೆಗೆ ಬರುತ್ತದೆ, ಭಾನುವಾರ ನಾನೇ ಕರೆದುಕೊಂಡು ಹೋಗುತ್ತೇನೆ" ಎಂದರು. ಮೂಡುಬಿದಿರೆಯ ಹತ್ತಿರದ ಹಳ್ಳಿ. ಟೇಪ್ ರೆಕಾರ್ಡರ್ ಇಟ್ಟುಕೊಂಡು ಮೂರು ಗಂಟೆ ಕುಳಿತು ಬಂದರು.

ಎರಡು ತಿಂಗಳ ನಂತರ ಆ ಅಧ್ಯಾಯ ಟೈಪಿಗೆ ಬಂತು. ಅದರಲ್ಲಿ ಹೀಗೊಂದು ಮಾತು: ಈ ಪ್ರದೇಶದ ಪಾಠದಲ್ಲಿ (ಎಂದರೆ ಹಾಡಿನ ಇಲ್ಲಿಯ ರೂಪದಲ್ಲಿ) ಸಿದ್ದುವಿನ ಪ್ರಸಂಗ ಕಂಡುಬರುವುದಿಲ್ಲ, ಇದು ಗಮನಾರ್ಹವಾದ ಪ್ರಾದೇಶಿಕ ಭಿನ್ನತೆ. ಕತೆ ಗೊತ್ತಿಲ್ಲದವರಿಗೆ ಹೇಳುವುದಾದರೆ, ಸಿರಿಯ ಗಂಡ ಕಾಂತು ಪೂಂಜ. ಬಸುರಿ ಹೆಂಡತಿಯ ಬಯಕೆ ಮದುವೆಗೆಂದು, ಎಂದರೆ ಸೀಮಂತಕ್ಕೆಂದು, ತಂದ ಸೀರೆಯನ್ನು ಅವನು ಮೊದಲು ಸೂಳೆ ಸಿದ್ದುವಿನ ಮನೆಗೆ ಕೊಂಡೊಯ್ಯುತ್ತಾನೆ, ಅವಳು ಅದನ್ನು ಉಟ್ಟುಬಿಡುತ್ತಾಳೆ. ಮೈಲಿಗೆಯಾದ ಸೀರೆಯನ್ನು ಸಿರಿ ಮುಟ್ಟುವುದಿಲ್ಲ. ಇಡೀ ಕತೆ ತಿರುಗುವುದು ಆ ಸೀರೆಯ ಮೇಲೆ. ಅಜ್ಜಿ ಅದನ್ನು ಹಾಡುವುದನ್ನು ನಾನು ಚಿಕ್ಕವಳಿದ್ದಾಗ ಎಷ್ಟೋ ಸಲ ಕೇಳಿದ್ದೇನೆ. ಸಿದ್ದು ಸೀರೆ ಉಡುವ ಕಡೆ ಅಜ್ಜಿಯ ಧ್ವನಿ ಸ್ವಲ್ಪ ಬದಲಾಗುತ್ತಿತ್ತು. ಗದ್ದೆಯಲ್ಲಿದ್ದ ಹೆಂಗಸರು ನಗುತ್ತಿದ್ದರು. ಪ್ರದೇಶದಲ್ಲಿ ಇಲ್ಲ ಎಂದರೆ ಹೇಗೆ?

ಮನೆಗೆ ಹೋದಾಗ ಅಜ್ಜಿಯನ್ನೇ ಕೇಳಿದೆ. ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಇಷ್ಟು: "ನಿನ್ನ ಅಪ್ಪ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಅಳಿಯನ ಎದುರು ಸಿದ್ದುವಿನ ಹಾಡು ಹಾಡುವುದುಂಟೇ?"

ಪ್ರಾದೇಶಿಕ ಭಿನ್ನತೆ ನನ್ನ ಅಪ್ಪ. ಎಂಟು ವರ್ಷದ ನಂತರ ಆ ಉಳ್ಳಾಲದ ಮರಳಿನ ಹುಡುಗಿ ಸೀಸದ ಗೋಡೆಯ ವಿಷಯ ಹೇಳುವಾಗ ನಾನು ಸೂಜಿ ಹಿಡಿದುಕೊಂಡೇ ನಕ್ಕದ್ದು ಇದಕ್ಕೆ. ಆ ದಿನ ಅಪ್ಪನನ್ನು ಅಂಥದ್ದೇ ಒಂದು ಗೋಡೆಯ ಆಚೆ ಕೂರಿಸಬೇಕಿತ್ತು.

ಟೈಪ್ ಮಾಡುವವಳು ಸಂಶೋಧಕರಿಗೆ ಹೇಳಬಹುದೇ ಎಂದು ಒಂದು ದಿನ ಯೋಚಿಸಿದೆ. ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ, ಕುರ್ಚಿ ಎಳೆದು ಕುಳಿತು ಎಲ್ಲವನ್ನೂ ಬರೆದುಕೊಂಡರು. ಅಪ್ಪನನ್ನು ಅಂಗಡಿಯಲ್ಲೇ ಬಿಟ್ಟು, ತಮ್ಮ ಹೆಂಡತಿಯನ್ನು ಕರೆದುಕೊಂಡು ಎರಡನೆಯ ಸಲ ಹೋದರು. ಈ ಸಲ ಸಿದ್ದು ಬಂದಳು, ಸೀರೆ ಉಟ್ಟಳು, ಕನ್ನಡಿ ನೋಡಿಕೊಂಡಳು, ಇಪ್ಪತ್ತು ಸಾಲು ಹೆಚ್ಚೇ ಆಯಿತು. ಆದರೆ ಮೊದಲ ಸಲ ಅಷ್ಟು ಚೆನ್ನಾಗಿ ಹಾಡಿದ್ದ ತೊಟ್ಟಿಲಿನ ಭಾಗ ಬರಲೇ ಇಲ್ಲ. ಕೇಳಿದರೆ ಅಜ್ಜಿ, "ಆ ದಿನ ಬಂತು, ಇವತ್ತು ಬರಲಿಲ್ಲ" ಎಂದರು. ಯಾವುದು ಸರಿ ಎಂದು ಕೇಳಿದರೆ, "ಎರಡೂ ಸಿರಿಯದ್ದೇ ಅಲ್ಲವೇ?"

ಸಂಶೋಧಕರು ತಲೆ ಮೇಲೆ ಕೈ ಹೊತ್ತುಕೊಳ್ಳಲಿಲ್ಲ. ನನಗೆ ಅದೇ ಆಶ್ಚರ್ಯ. ಫಿನ್‌ಲ್ಯಾಂಡಿನ ಲೌರಿ ಹಾಂಕೊ ಎಂಬ ವಿದ್ವಾಂಸರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಅವರ ಜೊತೆ ಸೇರಿ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರಿಂದ ಇಡೀ ಸಿರಿ ಕಾವ್ಯವನ್ನು ದಾಖಲಿಸಿದ್ದನ್ನು ಅವರು ಆಗ ಹೇಳಿದರು. 1998ರಲ್ಲಿ ಪ್ರಕಟವಾದ ಆ ಪಾಠ 15,683 ಸಾಲು. ಓದಿ ಕಂಠಪಾಠ ಮಾಡಿದ್ದಲ್ಲ. ಹಾಡುವವರ ಮನಸ್ಸಿನಲ್ಲಿ ಒಂದು ಪಾಠ ಇರುತ್ತದೆ, ಅದು ಎಂದೂ ಪೂರ್ತಿಯಾಗಿ ಹೊರಗೆ ಬರುವುದಿಲ್ಲ, ಕೇಳುವವರು ಯಾರು, ಹೊತ್ತು ಎಷ್ಟಿದೆ ಎಂಬುದನ್ನು ನೋಡಿ ಒಂದೊಂದು ಸಲ ಒಂದೊಂದು ಅಳತೆಯಲ್ಲಿ ಹಾಡಾಗಿ ಇಳಿಯುತ್ತದೆ ಎಂಬುದು ಹಾಂಕೊ ಅವರ ಮಾತಿನ ಸಾರ. ನಮ್ಮ ಗಿರಾಕಿ ಎರಡೂ ಪಾಠಗಳನ್ನು ಅನುಬಂಧದಲ್ಲಿ ಎದುರು ಬದುರು ಪುಟಗಳಲ್ಲಿ ಕೊಟ್ಟರು. ಕೆಳಗೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ: ಮೊದಲ ದಾಖಲಾತಿಯ ವೇಳೆ ವಕ್ತೃವಿನ ಅಳಿಯ ಉಪಸ್ಥಿತರಿದ್ದರು. ಆ ಅಡಿಟಿಪ್ಪಣಿಯನ್ನು ಟೈಪ್ ಮಾಡಿದವಳು ನಾನೇ. ಹೊಲಿದವರು ಅಪ್ಪ. ಓದಿದರೋ ಇಲ್ಲವೋ, ಏನೂ ಹೇಳಲಿಲ್ಲ. ಆದರೆ ಆ ಪ್ರತಿಗಳ ಬೆನ್ನಿಗೆ ಒಳಗಿನಿಂದ ಒಂದು ಪಟ್ಟಿ ಹೆಚ್ಚು ಬಟ್ಟೆ ಹಾಕಿದ್ದರು.

ಎದುರು ಬದುರು ಪುಟ ಎಂದರೆ ಹೇಳುವುದು ಸುಲಭ. ಎಡಗಡೆಯ ಪುಟ ಒಂದು ಸಾಲು ಕೆಳಗೆ ಸರಿದರೂ ಮುಂದಿನದ್ದೆಲ್ಲ ಹಾಳು. ನಾಲ್ಕು ರಾತ್ರಿ ಕುಳಿತಿದ್ದೇನೆ. ಅದರ ದುಡ್ಡು ಕೇಳಲಿಲ್ಲ, ಅಜ್ಜಿಯದ್ದಲ್ಲವೇ ಎಂದು.

ಅಪ್ಪ 2014ರಲ್ಲಿ ತೀರಿಕೊಂಡರು. ಅಜ್ಜಿ ಅಳಿಯನಿಗಿಂತ ಏಳು ವರ್ಷ ಹೆಚ್ಚು ಬದುಕಿ, 2021ರಲ್ಲಿ. ಉತ್ತರಕ್ರಿಯೆಯ ಕಾರ್ಡು ನಮ್ಮ ಅಂಗಡಿಯಲ್ಲೇ ಆಗಬೇಕಲ್ಲ. ವಯಸ್ಸು ಎಷ್ಟು ಎಂದು ಹಾಕುವುದು? ಮಾವ 90 ಎಂದರು. ತೊಂಬತ್ತು ಆದವರು ಮನೆಯಲ್ಲಿದ್ದರು ಎಂದು ಹೇಳಿಕೊಳ್ಳುವುದು ಅವರಿಗೆ ಇಷ್ಟ. ಅಮ್ಮ 86 ಎಂದಳು. ತನ್ನ ಹುಟ್ಟಿನಿಂದ ಹಿಂದಕ್ಕೆ ಎಣಿಸಿದ ಲೆಕ್ಕ ಅದು, ಅದರ ಬುಡದಲ್ಲೂ ಒಂದು 'ಸುಮಾರು' ಇದೆ. ರೇಷನ್ ಕಾರ್ಡಿನಲ್ಲಿದ್ದದ್ದನ್ನು ಇಬ್ಬರೂ ನಂಬಲಿಲ್ಲ. ಪಿಎಚ್‌.ಡಿ. ಪ್ರಬಂಧವನ್ನು ಕಪಾಟಿನಿಂದ ತೆಗೆದು ಅನುಬಂಧ ನೋಡಿದೆ. 2003ರಲ್ಲಿ ಸುಮಾರು 70. ಹದಿನೆಂಟು ಕೂಡಿಸಿದೆ.

ಕಾರ್ಡಿನಲ್ಲಿ 88 ಎಂದು ಅಚ್ಚಾಯಿತು. ನನ್ನ ಆರ್ಡರ್ ಪುಸ್ತಕದಲ್ಲಿ ಮಾತ್ರ 88 ± 2 ಎಂದು ಬರೆದುಕೊಂಡೆ. ಪ್ರತಿಗಳು 150, ಬಿಳಿ ಕಾರ್ಡು, ಒಂದೇ ಬಣ್ಣ.